ಬೀಡಿ ಮುಟ್ಟದವನಿಗೂ ಕೋಟಿನಿನ್ ಪಾಸಿಟಿವ್: ಹೊಗೆಸೊಪ್ಪಿನ ಊರಿನವರು ಇನ್ಶೂರೆನ್ಸ್ ಟೆಸ್ಟ್‌ಗೆ ಹೋಗುವ ಮುಂಚೆ

ನಾನು ಬೀಡಿ, ಸಿಗರೇಟು, ಗುಟ್ಕಾ, ಕಡ್ಡಿಪುಡಿ ಯಾವುದನ್ನೂ ಬಾಯಿಗೆ ಇಟ್ಟವನಲ್ಲ. ಆದರೂ ಟರ್ಮ್ ಇನ್ಶೂರೆನ್ಸ್‌ಗೆ ಮಾಡಿಸಿದ ಟೆಸ್ಟ್‌ನಲ್ಲಿ ಕೋಟಿನಿನ್ (ತಂಬಾಕಿನ ನಿಕೋಟಿನ್‌ನಿಂದ ಮೈಯಲ್ಲಿ ಆಗುವ ವಸ್ತು) ಸಿಕ್ಕಿ, ತಂಬಾಕು ಬಳಸುವವನು ಅಂತ ಬಂತು. ಅಲ್ಲಿಂದ ಶುರುವಾದ ಓಡಾಟ ಈಗ ಮುಗಿದಿದೆ, ಪಾಲಿಸಿ ಕೈಗೆ ಬಂದಿದೆ. ಮರೆಯುವ ಮುಂಚೆ ಎಲ್ಲ ಬರೆದಿಡುತ್ತಿದ್ದೇನೆ. ಪಿರಿಯಾಪಟ್ಟಣ, ಹುಣಸೂರು, ಎಚ್.ಡಿ. ಕೋಟೆ, ಕೆ.ಆರ್. ನಗರ, ರಾಮನಾಥಪುರ ಕಡೆಯ ಹೊಗೆಸೊಪ್ಪು ಬೆಳೆಯುವ ಮನೆಗಳಿಂದ ಬಂದು ಮೈಸೂರು, ಬೆಂಗಳೂರಿನಲ್ಲಿ ಕೆಲಸದಲ್ಲಿರುವವರು ತುಂಬಾ ಜನ ಇದ್ದೀರಿ. ಹಂಗಾಮಿನಲ್ಲಿ ಊರಿಗೆ ಹೋಗಿ ಕೈಜೋಡಿಸುವ ಅಭ್ಯಾಸ ನಿಮಗಿದ್ದರೆ ಇದನ್ನು ಪೂರ್ತಿ ಓದಿ.

ಮಗಳು ಹುಟ್ಟಿದ ಮೇಲೆ ಹೆಂಡತಿ ಒಂದೇ ಮಾತು ಹಿಡಿದಿದ್ದಳು, ಒಂದು ಟರ್ಮ್ ಪಾಲಿಸಿ ಮಾಡಿಸಿಬಿಡಿ ಅಂತ. ನಾನು ಮೈಸೂರಿನ ಒಂದು ಕಂಪನಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ಒಂದು ಕೋಟಿಗೆ ಅರ್ಜಿ ಹಾಕಿದೆ. ವರ್ಷಕ್ಕೆ ಹದಿನಾಲ್ಕು ಸಾವಿರದ ಆಸುಪಾಸು ಪ್ರೀಮಿಯಂ ತೋರಿಸಿತು. ಯಾವುದೇ ರೂಪದಲ್ಲಿ ತಂಬಾಕು ಬಳಸುತ್ತೀರಾ ಅಂತ ಅರ್ಜಿಯಲ್ಲಿ ಕೇಳಿದ್ದರು. ಇಲ್ಲ ಅಂದೆ. ಉದ್ಯೋಗ ಕೇಳಿದ್ದರು, ಬರೆದೆ. ರಜಾ ದಿನ ಅಪ್ಪನ ಹೊಲದಲ್ಲಿ ಏನು ಮಾಡುತ್ತೀರಿ ಅಂತ ಕೇಳುವ ಕಾಲಂ ಅದರಲ್ಲಿ ಇರಲಿಲ್ಲ.

ಅದು ಆಗಸ್ಟ್ ತಿಂಗಳು. ಸೊಪ್ಪು ಮುರಿಯುವ ಕಾಲ. ಬುಡದ ಎಲೆಯಿಂದ ಹಿಡಿದು, ಹಣ್ಣಾದ ಹಾಗೆಲ್ಲ ಮೇಲಕ್ಕೆ ಮುರಿಯುತ್ತಾ ಹೋಗಬೇಕು. ಮಳೆ ಬಿಡುವುದಿಲ್ಲ, ಆಳು ಸಿಗುವುದಿಲ್ಲ, ಬ್ಯಾರನ್ (ಸೊಪ್ಪನ್ನು ಬಿಸಿಯಲ್ಲಿ ಹದ ಮಾಡಿ ಒಣಗಿಸುವ ಮನೆ) ತುಂಬದೆ ಬೆಂಕಿ ಹಾಕುವ ಹಾಗಿಲ್ಲ. ಹಾಗಾಗಿ ಶನಿವಾರ ಭಾನುವಾರ ಊರಿಗೆ ಹೋಗಿ ಹೊಲಕ್ಕಿಳಿಯುವುದು ಕಾಲೇಜಿನ ದಿನಗಳಿಂದಲೂ ನನಗೆ ರೂಢಿ. ಆ ವಾರವೂ ಹೋಗಿದ್ದೆ. ಇನ್ಶೂರೆನ್ಸ್‌ನವರು ಕಳಿಸಿದ ಲ್ಯಾಬಿನ ಹುಡುಗ ಮನೆಗೆ ಬಂದಿದ್ದು ಸೋಮವಾರ ಬೆಳಿಗ್ಗೆ.

ಆ ಭಾಗ ಸಲೀಸು. ಹಿಂದಿನ ರಾತ್ರಿ ಊಟ ಮಾಡಿದ ಮೇಲೆ ಹತ್ತು ಹನ್ನೆರಡು ಗಂಟೆ ಏನೂ ತಿನ್ನದೆ ಇರಬೇಕು, ನೀರು ಕುಡಿಯಬಹುದು. ಆಧಾರ್, ಪ್ಯಾನ್ ಒರಿಜಿನಲ್ ತೋರಿಸಬೇಕು. ರಕ್ತ ತೆಗೆದರು, ಮೂತ್ರಕ್ಕೆ ಡಬ್ಬಿ ಕೊಟ್ಟರು. ಸಕ್ಕರೆ, ಕೊಲೆಸ್ಟ್ರಾಲ್, ಲಿವರ್, ಕಿಡ್ನಿ, ಎಚ್‌ಐವಿ, ಹೀಗೆ ಉದ್ದದ ಪಟ್ಟಿ. ಅದರ ಕೊನೆಯಲ್ಲಿ ಕೋಟಿನಿನ್. ನನ್ನ ಕೈಯಿಂದ ಒಂದು ರೂಪಾಯಿ ಖರ್ಚಿಲ್ಲ, ಎಲ್ಲ ಕಂಪನಿಯದೇ. ಆದರೆ ರಿಪೋರ್ಟ್ ನೇರವಾಗಿ ಅವರಿಗೇ ಹೋಗುತ್ತದೆ. ನಮ್ಮ ಕೈಗೆ ಬರಬೇಕಾದರೆ ಇಮೇಲ್‌ನಲ್ಲಿ ಕೇಳಬೇಕು. ಏನೇ ಬಂದಿರಲಿ, ಮೊದಲು ಅದನ್ನು ಕೇಳಿ ತರಿಸಿಕೊಳ್ಳಿ.

ಸ್ವಲ್ಪ ದಿನ ಸುದ್ದಿಯೇ ಇಲ್ಲ. ಆಮೇಲೆ ಒಂದು ಪತ್ರ ಬಂತು. ನಿಮ್ಮ ಪ್ರೀಮಿಯಂ ಪರಿಷ್ಕರಿಸಲಾಗಿದೆ, ಒಪ್ಪಿಗೆ ಕೊಡಿ ಅಂತ. ಹದಿನಾಲ್ಕು ಇದ್ದದ್ದು ಇಪ್ಪತ್ತೆರಡು ಸಾವಿರ ದಾಟಿತ್ತು. ಕಾರಣ: ಕೋಟಿನಿನ್ ಪಾಸಿಟಿವ್, ತಂಬಾಕು ಬಳಕೆದಾರ.

ದುಡ್ಡಿಗಿಂತ ಜಾಸ್ತಿ ಚುಚ್ಚಿದ್ದು ಕೊನೆಯ ಎರಡು ಪದ. ಹೆಂಡತಿ ಪತ್ರ ಓದಿ ನನ್ನ ಮುಖ ನೋಡಿದಳು. ಕೇಳಬಾರದು ಅಂದುಕೊಂಡರೂ ಕೇಳಿದಳು, "ಆಫೀಸಲ್ಲಿ ಏನಾದ್ರೂ...?" ಇಷ್ಟು ವರ್ಷ ಜೊತೆಗಿದ್ದವಳಿಗೇ ಒಂದು ಕ್ಷಣ ಅನುಮಾನ ಬಂತಲ್ಲ ಅಂತ ನನಗೆ ರಾತ್ರಿಯೆಲ್ಲ ನಿದ್ದೆ ಹತ್ತಲಿಲ್ಲ. ಏಜೆಂಟರಿಗೆ ಫೋನ್ ಮಾಡಿದರೆ, "ಸರ್, ಒಪ್ಕೊಂಡ್ಬಿಡಿ. ಎಲ್ಲರೂ ಮೊದಲು ಹೀಗೇ ಹೇಳ್ತಾರೆ" ಅಂದರು. ಅವರು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಆದರೆ ಆ ಮಾತು ಕೇಳಿದ ಮೇಲೆ ಸುಮ್ನೆ ಕೂರಲು ನನ್ನಿಂದ ಆಗಲಿಲ್ಲ.

ಕೋಟಿನಿನ್ ಅಂದರೆ ಏನು ಅಂತ ತಿಳಿದುಕೊಂಡಿದ್ದು ಆಗಲೇ. ತಂಬಾಕಿನ ನಿಕೋಟಿನ್ ಮೈಗೆ ಸೇರಿದರೆ ಎರಡು ಗಂಟೆಯಲ್ಲಿ ರಕ್ತದಲ್ಲಿ ಅರ್ಧ ಇಳಿದುಬಿಡುತ್ತದೆ. ಅದರ ಹೆಚ್ಚಿನ ಭಾಗವನ್ನು ಲಿವರ್ ಕೋಟಿನಿನ್ ಆಗಿ ಬದಲಾಯಿಸುತ್ತದೆ. ಈ ಕೋಟಿನಿನ್ ನಿಧಾನ, ಅರ್ಧ ಇಳಿಯಲು ಹದಿನಾರರಿಂದ ಇಪ್ಪತ್ತು ಗಂಟೆ ಬೇಕು. ಅದಕ್ಕೇ ಲ್ಯಾಬಿನವರು ನಿಕೋಟಿನ್ ಬಿಟ್ಟು ಇದನ್ನು ಅಳೆಯುತ್ತಾರೆ. ಮೂರು ನಾಲ್ಕು ದಿನದ ಹಿಂದೆ ಬಳಸಿದ್ದರೂ ಸಿಕ್ಕಿಬೀಳುತ್ತದೆ, ವಿಪರೀತ ಬಳಸುವವರಲ್ಲಿ ಇನ್ನೂ ಜಾಸ್ತಿ ದಿನ. ಸಿಗರೇಟು ಬಿಡಲು ಅಂತ ಜಗಿಯುವ ನಿಕೋಟಿನ್ ಗಮ್‌ನಿಂದಲೂ ಪಾಸಿಟಿವ್ ಬರುತ್ತದೆ. ಬದನೆಕಾಯಿ, ಟೊಮೆಟೊದಲ್ಲೂ ನಿಕೋಟಿನ್ ಇದೆ ಅಂತ ಯಾರೋ ಧೈರ್ಯ ಹೇಳಿದರು. ಇರುವುದು ನಿಜ, ಆದರೆ ಅದು ಲೆಕ್ಕಕ್ಕೇ ಬರದಷ್ಟು ಕಡಿಮೆ. ಆ ವಾದ ಹಿಡಿದು ಹೋಗಬೇಡಿ.

ಪಕ್ಕದವರ ಸಿಗರೇಟು ಹೊಗೆಯಿಂದ ಹೀಗಾಗುತ್ತಾ ಅಂತ ತುಂಬಾ ಜನ ಕೇಳುತ್ತಾರೆ. ಆಗುವುದು ಅಪರೂಪ. ಮೂತ್ರದ ಪಟ್ಟಿ (ಸ್ಟ್ರಿಪ್) ಟೆಸ್ಟ್‌ಗೆ ಸಾಮಾನ್ಯವಾಗಿ ಒಂದು ಮಿಲಿಲೀಟರಿಗೆ 200 ನ್ಯಾನೋಗ್ರಾಂ ಕೋಟಿನಿನ್ ದಾಟಿದರೆ ಪಾಸಿಟಿವ್ ಅಂತ ಗೆರೆ ಇಟ್ಟಿರುತ್ತಾರೆ. ಬೇರೆಯವರ ಹೊಗೆ ಕುಡಿದವರು ಸಾಮಾನ್ಯವಾಗಿ ಆ ಗೆರೆಯ ಎಷ್ಟೋ ಕೆಳಗೆ ಉಳಿಯುತ್ತಾರೆ. ಮನೆಯಲ್ಲಿ ಯಾರೋ ಸೇದುವುದರಿಂದ ಉಬ್ಬಸದ ಮಗುವಿನ ಮೈಗೆ ಎಷ್ಟು ಸೇರಿದೆ ಅಂತ ನೋಡಬೇಕಾದರೆ ಈ ಪಟ್ಟಿ ಸಾಲದು. ಸಣ್ಣ ಪ್ರಮಾಣವನ್ನೂ ಹಿಡಿಯುವ, ಅಂಕಿಯಲ್ಲಿ ಉತ್ತರ ಕೊಡುವ ಟೆಸ್ಟ್ ಕೇಳಿ ಮಾಡಿಸಬೇಕು.

ಮೊದಲು ನಾನೇ ದುಡ್ಡು ಕೊಟ್ಟು ಒಂದು ಲ್ಯಾಬಿನಲ್ಲಿ ಪಟ್ಟಿ ಟೆಸ್ಟ್ ಮಾಡಿಸಿದೆ. ಕೆಲವು ನೂರು ರೂಪಾಯಿ ಅಷ್ಟೇ. ಮತ್ತೆ ಹೊಲದಿಂದ ಬಂದ ಮಾರನೇ ದಿನವೇ ಹೋಗಿದ್ದೆ. ಅಲ್ಲಿದ್ದ ಹುಡುಗಿ ನನ್ನೆದುರೇ ಬೆರಳುದ್ದದ ಬಿಳಿ ಕಾರ್ಡ್ ಬಿಚ್ಚಿ, ಡ್ರಾಪರ್‌ನಿಂದ ಹನಿ ಬಿಟ್ಟಳು. ಕಿಂಡಿಯಲ್ಲಿ ಗುಲಾಬಿ ಬಣ್ಣ ನಿಧಾನಕ್ಕೆ ಹರಡಿಕೊಂಡು ಹೋಯಿತು. 'ಸಿ' ಅಕ್ಷರದ ಎದುರು ಒಂದು ಗೆರೆ ಎದ್ದಿತು. 'ಟಿ' ಎದುರು ಏನೂ ಇಲ್ಲ. ಬಸಿರು ಪರೀಕ್ಷೆಯ ಕಾರ್ಡ್ ನೋಡಿ ಅಭ್ಯಾಸವಿದ್ದ ನಾನು, ಒಂದೇ ಗೆರೆ, ನೆಗೆಟಿವ್ ಅಂತ ಉಸಿರು ಬಿಟ್ಟೆ. "ಇಲ್ಲ ಸಾರ್, ಇದು ಉಲ್ಟಾ. ಒಂದು ಗೆರೆ ಬಂದ್ರೆ ಪಾಸಿಟಿವ್, ಎರಡು ಬಂದ್ರೆ ನೆಗೆಟಿವ್" ಅಂದಳು. ಮನೆಯಲ್ಲಿ ತಾವೇ ಕಾರ್ಡ್ ತಂದು ನೋಡಿಕೊಳ್ಳುವವರು ಇದನ್ನು ಗಟ್ಟಿಯಾಗಿ ನೆನಪಿಡಿ. ಎರಡನೇ ಗೆರೆ ಎಷ್ಟೇ ಮಸುಕಾಗಿದ್ದರೂ ಅದು ನೆಗೆಟಿವ್.

ಅಂದರೆ ಲ್ಯಾಬು ಸುಳ್ಳು ಹೇಳಿರಲಿಲ್ಲ. ನಿಕೋಟಿನ್ ನನ್ನ ಮೈಯಲ್ಲಿ ಇದೆ. ಎಲ್ಲಿಂದ ಬಂತು?

ಬ್ಯಾರನ್ ಹೊಗೆ ಇರಬೇಕು ಅಂದುಕೊಂಡೆ. ಮೈಸೂರಿನ ಒಂದು ಮೆಡಿಕಲ್ ಕಾಲೇಜಿನಲ್ಲಿ ತಂಬಾಕು ಬಿಡಿಸುವ ಕೇಂದ್ರ ಇದೆ, ಅಲ್ಲಿಗೆ ಹೋದೆ. ಒಪಿಡಿ ಚೀಟಿ ಮಾಡಿಸಿ, ಅರ್ಧ ದಿನ ಕಾದೆ. ಸಿಗರೇಟು ಬಿಡಲು ಬಂದವರ ಸಾಲಿನಲ್ಲಿ, ಸಿಗರೇಟು ಸೇದೇ ಇಲ್ಲ ಅಂತ ಹೇಳಲು ಕೂತಿದ್ದೆ. ಒಳಗಿದ್ದ ಡಾಕ್ಟರಮ್ಮ ಪೂರ್ತಿ ಕೇಳಿಸಿಕೊಂಡರು. ಬ್ಯಾರನ್ ಹೊಗೆ ಅಲ್ಲ ಅಂದರು. ಅದು ಸೌದೆ ಹೊಗೆ, ಕೊಳವೆಯಲ್ಲಿ ಹಾದು ಆಚೆ ಹೋಗುತ್ತದೆ, ಅದರಲ್ಲಿ ನಿಕೋಟಿನ್ ಇಲ್ಲ. ಆಮೇಲೆ ಕೇಳಿದರು, "ಮುರಿದ ಸೊಪ್ಪನ್ನ ಹೇಗೆ ಹಿಡ್ಕೋತೀರಿ? ತೋರಿಸಿ."

ತೋರಿಸಿದೆ. ಬಲಗೈಯಲ್ಲಿ ಮುರಿಯುತ್ತೇವೆ, ಎಡ ಕಂಕುಳಲ್ಲಿ ಒತ್ತಿ ಹಿಡಿಯುತ್ತೇವೆ. ಕಂಕುಳು ತುಂಬುವಷ್ಟು ಆದ ಮೇಲೆ ಒಯ್ದು ರಾಶಿಗೆ ಹಾಕುತ್ತೇವೆ. ಬೆಳಗಿನ ಇಬ್ಬನಿಗೋ ಮಳೆಗೋ ಸೊಪ್ಪು ತೊಯ್ದಿರುತ್ತದೆ, ಅಂಗಿ ಎಡಪಕ್ಕ ಸೊಂಟದವರೆಗೆ ಒದ್ದೆ. ಕೈಗೆ ಎಲೆಯ ಅಂಟು ಮೆತ್ತಿಕೊಂಡು ಟಾರು ಹಚ್ಚಿದ ಹಾಗೆ ಕಪ್ಪಾಗುತ್ತದೆ. ಸೋಪಿಗೆ ಹೋಗಲ್ಲ. ಊಟಕ್ಕೆ ಕೂರುವಾಗಲೂ ಉಗುರಿನ ಸಂದಿಯಲ್ಲಿ ಇರುತ್ತದೆ.

"ಅಲ್ಲೇ ಇದೆ ನೋಡಿ" ಅಂದರು. ನಿಕೋಟಿನ್ ನೀರಿನಲ್ಲಿ ಕರಗುತ್ತದೆ, ಚರ್ಮದ ಮೂಲಕ ಒಳಗೆ ಇಳಿಯುತ್ತದೆ. ಒದ್ದೆ ಸೊಪ್ಪು ಹೊತ್ತವರಿಗೆ ತಲೆಸುತ್ತು, ವಾಂತಿ, ತಲೆನೋವು ಬರುವುದಕ್ಕೆ ವೈದ್ಯಕೀಯದಲ್ಲಿ ಗ್ರೀನ್ ಟೊಬ್ಯಾಕೊ ಸಿಕ್‌ನೆಸ್ ಅಂತಲೇ ಹೆಸರಿದೆ. ಹೊಗೆ ಕುಡಿಯದ ಕೂಲಿಯವರ ಮೂತ್ರದಲ್ಲೂ ಕೋಟಿನಿನ್ ಏರುವುದು ಬೇರೆ ಬೇರೆ ದೇಶಗಳಲ್ಲಿ ಕಂಡಿದೆ, ಗುಜರಾತಿನ ತಂಬಾಕು ಹೊಲಗಳ ಕೂಲಿಯವರಲ್ಲೂ ಈ ಕಾಯಿಲೆಯನ್ನು ಹಿಂದೆಯೇ ಗುರುತಿಸಿದ್ದಾರೆ ಅಂದರು. ನನಗೆ ಕಣ್ಣು ತುಂಬಿ ಬಂತು. ನನ್ನ ಮಾತನ್ನು ನಂಬಿದ ಮೊದಲ ಹೊರಗಿನವರು ಅವರು.

ಆದರೆ ನಂಬಿಕೆ ಬೇರೆ, ಸಾಬೀತು ಮಾಡುವುದು ಬೇರೆ ಅಂತಲೂ ಅವರೇ ಹೇಳಿದರು. ಟೆಸ್ಟ್‌ಗೆ ಗೊತ್ತಾಗುವುದು ಮೈಯಲ್ಲಿ ಎಷ್ಟಿದೆ ಅನ್ನುವುದು ಮಾತ್ರ. ಬಾಯಿಂದ ಬಂತೋ ಕಂಕುಳಿಂದ ಬಂತೋ ಅದಕ್ಕೆ ತಿಳಿಯದು. ಕೂದಲಿನ ಟೆಸ್ಟ್ ಮಾಡಿಸಲಾ ಅಂದೆ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುವುದರಿಂದ ಹಿಂದಿನ ತಿಂಗಳುಗಳ ಕಥೆಯೂ ಅದರಲ್ಲಿ ಸಿಗುತ್ತದೆ ಅಂತ ಓದಿದ್ದೆ. ಬೇಡ ಅಂದರು. ಸೊಪ್ಪಿನಲ್ಲಿ ಓಡಾಡುವವರ ಕೂದಲಿಗೆ ಹೊರಗಿನಿಂದಲೇ ಮೆತ್ತಿಕೊಂಡಿರುತ್ತದೆ, ಇನ್ನೂ ಗೊಂದಲ ಆಗುತ್ತದೆ. ಅನಬಸಿನ್ ಅಂತ ಇನ್ನೊಂದಿದೆ. ಅದು ತಂಬಾಕಿನಲ್ಲಿ ಇರುತ್ತದೆ, ಗಮ್‌ನಲ್ಲಿ ಇರುವುದಿಲ್ಲ. ಗಮ್ ಜಗಿಯುವವರನ್ನು ಬೇರೆ ಮಾಡಲು ಅದು ಸರಿ. ನಮ್ಮ ಮೈಗೆ ಇಳಿಯುವುದು ತಂಬಾಕಿನ ರಸವೇ ಆದ್ದರಿಂದ ನಮಗೆ ಉಪಯೋಗವಿಲ್ಲ.

ಅವರು ಹೇಳಿಕೊಟ್ಟ ದಾರಿ ಇದು. ಹೊಲಕ್ಕೆ ಹೋಗಿ ಬಂದ ಸೋಮವಾರ ಒಂದೇ ದಿನ ಮೂರು ಕೆಲಸ ಮಾಡಿಸಬೇಕು. ಮೂತ್ರದ ಕೋಟಿನಿನ್ ಅಂಕಿಯಲ್ಲಿ ಬರಬೇಕು. ಉಸಿರಿನ ಕಾರ್ಬನ್ ಮೊನಾಕ್ಸೈಡ್ ನೋಡಬೇಕು. ಬಾಯಿ, ಹಲ್ಲು ದಂತವೈದ್ಯರಿಗೆ ತೋರಿಸಿ, ತಂಬಾಕು ಜಗಿಯುವ ಗುರುತಿಲ್ಲ ಅಂತ ಬರೆಸಿಕೊಳ್ಳಬೇಕು. ಆಮೇಲೆ ಹೊಲದ ಕಡೆ ತಲೆ ಹಾಕದೆ ಇದ್ದು ಮತ್ತೊಮ್ಮೆ ಮೂತ್ರ ಕೊಡಬೇಕು.

ಉಸಿರಿನ ಟೆಸ್ಟ್ ಅಲ್ಲೇ ಪುಕ್ಕಟೆ ಮಾಡಿದರು. ಉಸಿರು ಬಿಗಿಹಿಡಿದು ಒಂದು ಕೊಳವೆಗೆ ಊದಬೇಕು, ಅಷ್ಟೇ. ಸೇದುವವರಿಗೆ ಅಂಕಿ ಹತ್ತು ದಾಟಿ ಹೋಗುತ್ತದೆ, ನನ್ನದು ಮೂರರಲ್ಲಿ ನಿಂತಿತು. ಒಂದು ಎಚ್ಚರಿಕೆ. ಸೌದೆ ಒಲೆ, ಬ್ಯಾರನ್ ಬಾಯಿಯ ಮುಂದೆ ಕೂತು ನೇರವಾಗಿ ಬಂದರೆ ಅದರಿಂದಲೂ ಏರುತ್ತದೆ. ನಾಲ್ಕೈದು ಗಂಟೆಗೆ ಅರ್ಧ ಇಳಿಯುವುದರಿಂದ ಹಿಂದಿನ ದಿನ ಸಂಜೆಯಿಂದಲೇ ದೂರ ಇರಿ. ಅಂಕಿಯ ಕೋಟಿನಿನ್‌ಗೆ ಎರಡು ಸಾವಿರದ ಹತ್ತಿರ ಆಯಿತು. ಸ್ಯಾಂಪಲ್ ಬೇರೆ ಊರಿನ ದೊಡ್ಡ ಲ್ಯಾಬಿಗೆ ಹೋಗುವುದರಿಂದ ಕಾಯಬೇಕು. ಜಾಸ್ತಿ ನೀರು ಕುಡಿದರೆ ಕಡಿಮೆ ಬರುತ್ತದೆ ಅಂತ ಸಲಹೆ ಕೊಡುವವರು ಇರುತ್ತಾರೆ. ಕೇಳಬೇಡಿ. ಲ್ಯಾಬಿನವರು ಕ್ರಿಯಾಟಿನಿನ್ ಕೂಡ ನೋಡುತ್ತಾರೆ, ಮೂತ್ರ ತೆಳುವಾಗಿದೆ ಅಂತ ಬರೆದುಬಿಟ್ಟರೆ ಅನುಮಾನ ಇನ್ನೂ ಗಟ್ಟಿಯಾಗುತ್ತದೆ.

ಅಂದುಕೊಂಡ ಹಾಗೇ ಆಯಿತು. ಸೋಮವಾರದ್ದು ಇನ್ನೂರರ ಗೆರೆ ದಾಟಿತ್ತು. ಹೊಲ ಬಿಟ್ಟ ಮೇಲಿನದು ಗೆರೆಯ ತೀರಾ ಕೆಳಗಿತ್ತು.

ಡಾಕ್ಟರಮ್ಮ ಮೊದಲ ದಿನವೇ ಇನ್ನೊಂದು ಕೇಳಿದ್ದರು, ಮನೆಯಲ್ಲಿ ಬೇರೆ ಯಾರಿಗಾದರೂ ಸಂಜೆ ಹೊತ್ತು ವಾಂತಿ, ತಲೆಸುತ್ತು ಬರುತ್ತಾ ಅಂತ. ನನಗೆ ಅವ್ವ ನೆನಪಾದಳು. ಸೊಪ್ಪು ಮುರಿಯುವ ದಿನ ಸಂಜೆ ಅವ್ವ ಊಟ ಮಾಡುವುದಿಲ್ಲ. ನಿಂಬೆಹಣ್ಣಿನ ಶರಬತ್ತು ಕುಡಿದು, ಸೆರಗು ತಲೆಗೆ ಬಿಗಿದು ಮಲಗಿಬಿಡುತ್ತಾಳೆ. "ಸೊಪ್ಪಿನ ಅಮಲು ಕಣೋ ಮಗ, ಬೆಳಿಗ್ಗೆಗೆ ಸರಿಹೋಯ್ತದೆ" ಅನ್ನುತ್ತಾಳೆ. ಚಿಕ್ಕಂದಿನಿಂದ ನೋಡಿದ್ದೇನೆ. ಅದು ಹೊಲದ ಕೆಲಸದ ಸುಸ್ತು ಅಂತಲೇ ನಾವೆಲ್ಲ ತಿಳಿದಿದ್ದೆವು. ಅವ್ವ ಎಲೆ ಅಡಿಕೆ ಹಾಕುತ್ತಾಳೆ, ಹೊಗೆಸೊಪ್ಪು ಹಾಕುವುದಿಲ್ಲ. ಆದರೆ ಮುರಿದ ಸೊಪ್ಪನ್ನು ಕಡ್ಡಿಗೆ ಕಟ್ಟುವ ಕೆಲಸ ಹೆಂಗಸರದ್ದೇ. ಬೆಳಗಿನಿಂದ ಕತ್ತಲಾಗುವ ತನಕ ಒದ್ದೆ ಎಲೆ ಅವರ ಬೆರಳಿನಲ್ಲೇ ಇರುತ್ತದೆ.

ಅವ್ವನ ಸ್ಯಾಂಪಲ್ ತಂದು ಅದೇ ಲ್ಯಾಬಿಗೆ ಕೊಟ್ಟೆ. ನನ್ನದರ ದುಪ್ಪಟ್ಟಿಗಿಂತಲೂ ಜಾಸ್ತಿ ಬಂತು. ವಾರಕ್ಕೆ ಎರಡು ದಿನ ಹೋಗುವ ನನಗೆ ಇಷ್ಟು, ದಿನವೂ ಅಲ್ಲೇ ಇರುವವಳಿಗೆ ಅಷ್ಟು. ಆ ಕಾಗದ ಹಿಡಿದುಕೊಂಡ ಮೇಲೆ ಪ್ರೀಮಿಯಂ ವಿಷಯ ನನಗೆ ಚಿಕ್ಕದಾಗಿ ಕಂಡಿತು. ಆದರೂ ಅದನ್ನು ಮುಗಿಸಬೇಕಿತ್ತು.

ಇನ್ಶೂರೆನ್ಸ್‌ನವರಿಗೆ ಕಳಿಸಿದ ಕಾಗದ ಹೇಳುತ್ತೇನೆ. ಎಲ್ಲ ರಿಪೋರ್ಟ್, ಡಾಕ್ಟರ ಪತ್ರ, ದಂತವೈದ್ಯರ ಪತ್ರ. ತಂಬಾಕು ಮಂಡಳಿಯಲ್ಲಿ ಅಪ್ಪನ ಹೆಸರಿಗಿರುವ ಬೆಳೆಗಾರರ ನೋಂದಣಿ, ಬ್ಯಾರನ್ ಲೈಸೆನ್ಸ್. ಹಿಂದಿನ ವರ್ಷ ಹರಾಜು ಕಟ್ಟೆಯಲ್ಲಿ ಸೊಪ್ಪು ಮಾರಿದ ಬಿಲ್. ಬೆಳೆ ಕಾಲಂನಲ್ಲಿ ತಂಬಾಕು ಇರುವ ಪಹಣಿ. ನಾನು ಅವರ ಮಗ ಅಂತ ತೋರಿಸಲು ವಂಶವೃಕ್ಷ ಬೇಕಾಗಬಹುದು ಅಂತ ನಾಡಕಚೇರಿಗೆ ಹೊರಟಿದ್ದೆ. ಅಷ್ಟೆಲ್ಲ ಬೇಕಾಗಲಿಲ್ಲ. ಪ್ಯಾನ್ ಕಾರ್ಡಿನಲ್ಲಿ ತಂದೆಯ ಹೆಸರು ಇರುತ್ತದಲ್ಲ, ಅದೇ ಸಾಕಾಯಿತು.

ಮೊದಲ ಉತ್ತರ ನಾಲ್ಕೇ ಸಾಲು. ನಿಮ್ಮ ಮನವಿ ಪರಿಶೀಲಿಸಲಾಗಿದೆ, ನಿರ್ಧಾರದಲ್ಲಿ ಬದಲಾವಣೆ ಇಲ್ಲ. ಫೋನ್‌ನಲ್ಲಿ ಸಿಕ್ಕವರು ಹೇಳಿದ ಕಾರಣ ಮಾತ್ರ ಯೋಚಿಸುವಂತಿತ್ತು: ಎರಡು ವಾರ ಸಿಗರೇಟು ಬಿಟ್ಟವನಿಗೂ ರಿಪೋರ್ಟ್ ಹೀಗೇ ಬರುತ್ತದೆ ಸರ್. ನಿಜ. ಆಗ ನಾನು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆದೆ. ಅವರಿಂದಲೂ ಆಗದಿದ್ದರೆ ವಿಮಾ ಕಂಪನಿಗಳನ್ನು ನಿಯಂತ್ರಿಸುವ ಐಆರ್‌ಡಿಎಐನ 'ಬಿಮಾ ಭರೋಸಾ' ಪೋರ್ಟಲ್‌ನಲ್ಲಿ ದೂರು ಕೊಡಬಹುದು, ಬೆಂಗಳೂರಿನಲ್ಲಿ ವಿಮಾ ಓಂಬುಡ್ಸ್‌ಮನ್ (ವಿಮೆಯ ದೂರು ಕೇಳಿ ತೀರ್ಮಾನಿಸುವವರು) ಕಚೇರಿ ಇದೆ. ನನಗೆ ಅಲ್ಲಿಯವರೆಗೆ ಹೋಗುವ ಅಗತ್ಯ ಬರಲಿಲ್ಲ. ಪತ್ರದಲ್ಲಿ ನಾನೇ ಒಂದು ದಾರಿ ಸೂಚಿಸಿದ್ದೆ. ಹಂಗಾಮು ಮುಗಿದ ಮೇಲೆ, ಮೊದಲೇ ದಿನ ಹೇಳದೆ, ನಿಮಗೆ ಬೇಕಾದಾಗ ಬಂದು ಸ್ಯಾಂಪಲ್ ತೆಗೆದುಕೊಳ್ಳಿ ಅಂತ. ಕದ್ದು ಸೇದುವವನು ಯಾವ ದಿನ ಅಂತ ತಿಳಿಯದೆ ಎಷ್ಟು ವಾರ ಬಿಟ್ಟಿರಬಲ್ಲ? ಕಂಪನಿಯ ವೈದ್ಯಕೀಯ ಅಧಿಕಾರಿ ಅದಕ್ಕೆ ಒಪ್ಪಿದರು. ಅರ್ಜಿಯನ್ನು ಮುಂದಕ್ಕೆ ಹಾಕಿದರು.

ಕಷ್ಟದ ಕಾಲ ಅದು. ಅಷ್ಟು ತಿಂಗಳು ಪಾಲಿಸಿ ಇಲ್ಲ. ಸ್ಕೂಟರ್‌ನಲ್ಲಿ ಹೋಗುವಾಗ ಲಾರಿ ಪಕ್ಕಕ್ಕೆ ಬಂದರೆ ಮಗಳ ಮುಖ ಕಣ್ಣೆದುರು ಬರುತ್ತಿತ್ತು. ಹೆಚ್ಚಿನ ಪ್ರೀಮಿಯಂ ಕಟ್ಟಿ ಪಾಲಿಸಿ ಶುರು ಮಾಡಿಸಿಬಿಡಬೇಕಿತ್ತಾ ಅಂತ ಎಷ್ಟೋ ಸಲ ಅನ್ನಿಸಿತು. ಮನೆಯಲ್ಲಿ ನಿಮ್ಮೊಬ್ಬರದೇ ದುಡಿಮೆ, ಮೇಲೆ ಸಾಲವೂ ಇದೆ ಅಂದರೆ, ನನ್ನ ಅಭಿಪ್ರಾಯದಲ್ಲಿ, ಒಪ್ಪಿಕೊಂಡು ಕಟ್ಟಿಬಿಡಿ, ಆಮೇಲೆ ಜಗಳ ಮಾಡಿ. ನನ್ನ ಹೆಂಡತಿಗೂ ಕೆಲಸ ಇದ್ದುದರಿಂದ ನಾನು ಕಾದೆ. ಬಳಸದೇ ಇದ್ದದ್ದನ್ನು ಬಳಸುತ್ತೇನೆ ಅಂತ ಸಹಿ ಹಾಕಲು ಮನಸ್ಸು ಒಪ್ಪಲಿಲ್ಲ.

ಹಂಗಾಮು ಮುಗಿಯಿತು, ಸೊಪ್ಪು ಹರಾಜು ಕಟ್ಟೆಗೆ ಹೋಯಿತು. ಒಂದು ಬುಧವಾರ ಬೆಳಿಗ್ಗೆ ಫೋನ್ ಬಂತು, ಇನ್ನೊಂದು ಗಂಟೆಯಲ್ಲಿ ಬರುತ್ತೇವೆ ಅಂತ. ಕೆಲವು ವಾರ ಬಿಟ್ಟು ಮತ್ತೆ ಹಾಗೇ ಬಂದರು. ಎರಡೂ ನೆಗೆಟಿವ್. ಹೊಸದಾಗಿ ಅರ್ಜಿ ತುಂಬಿಸಿದರು. ಅದರಲ್ಲಿ ಹಿಂದೆ ನಿಮ್ಮ ಅರ್ಜಿಯನ್ನು ಯಾವುದೇ ಕಂಪನಿ ತಳ್ಳಿದೆಯಾ, ಮುಂದಕ್ಕೆ ಹಾಕಿದೆಯಾ ಅನ್ನುವ ಪ್ರಶ್ನೆ ಇರುತ್ತದೆ. ಹೌದು ಅಂತಲೇ ಬರೆಯಿರಿ, ಬೇರೆ ಕಂಪನಿಗೆ ಹೋದರೂ ಸರಿ. ಉದ್ಯೋಗದ ಜೊತೆಗೆ 'ಕುಟುಂಬದ ಹೊಗೆಸೊಪ್ಪು ಬೇಸಾಯದಲ್ಲಿ ಹಂಗಾಮಿಗೆ ಕೆಲಸ ಮಾಡುತ್ತೇನೆ' ಅಂತ ಕಾಗದದ ಮೇಲೆ ತೋರಿಸಿ. ಪಾಲಿಸಿಯ ಮೊದಲ ಮೂರು ವರ್ಷ ಕಂಪನಿ ಹಳೆಯ ಮಾಹಿತಿ ಕೆದಕಿ ಪ್ರಶ್ನೆ ಮಾಡಬಹುದು. ವಿಮಾ ಕಾಯ್ದೆಯ 45ನೇ ಸೆಕ್ಷನ್ ಪ್ರಕಾರ ಮೂರು ವರ್ಷ ದಾಟಿದ ಮೇಲೆ ಆಗುವುದಿಲ್ಲ. ಆ ಮೂರು ವರ್ಷದಲ್ಲಿ ನಾವು ಹೋಗಿಬಿಟ್ಟರೆ ಹೆಂಡತಿ ಮಕ್ಕಳ ಕೈಯಲ್ಲಿರುವುದು ನಾವು ಬರೆದ ಆ ಅರ್ಜಿ ಮಾತ್ರ. ಪಾಲಿಸಿ ಬಂದ ಕೂಡಲೇ ಅದರ ಜೊತೆಗಿರುವ ಅರ್ಜಿಯ ನಕಲು ತೆರೆದು, ತಂಬಾಕಿನ ಪ್ರಶ್ನೆಗೆ ಏನು ಉತ್ತರ ಅಚ್ಚಾಗಿದೆ ಅಂತ ನೋಡಿ. ತಪ್ಪಿದ್ದರೆ ತಿದ್ದಿಸಲು, ಬೇಡವಾದರೆ ವಾಪಸ್ ಮಾಡಲು 30 ದಿನದ ಫ್ರೀ ಲುಕ್ ಅವಧಿ ಇದೆ.

ನನಗೆ ಕೊನೆಗೆ ತಂಬಾಕು ಬಳಸದವರ ದರವೇ ಸಿಕ್ಕಿತು. ಟೆಸ್ಟ್, ಓಡಾಟ, ಜೆರಾಕ್ಸ್ ಎಲ್ಲ ಸೇರಿ ಕೈಯಿಂದ ಏಳೆಂಟು ಸಾವಿರ ಹೋಗಿರಬಹುದು. ಆಗುವುದಾದರೆ ಹೊಗೆಸೊಪ್ಪಿನ ಮನೆಯವರು ಮೆಡಿಕಲ್ ಟೆಸ್ಟನ್ನು ಸೊಪ್ಪು ಮುರಿಯುವ ತಿಂಗಳುಗಳು ಮುಗಿದ ಮೇಲೆ ಇಟ್ಟುಕೊಳ್ಳಿ. ಆಗದಿದ್ದರೆ ಡಾಕ್ಟರ ಪತ್ರ ಮೊದಲೇ ಕೈಯಲ್ಲಿರಲಿ.

ಹೊಲದ ಮಾತು ಉಳಿಯಿತು. ಡಾಕ್ಟರಮ್ಮ ಹೇಳಿದ್ದು ಸರಳ. ಇಬ್ಬನಿ ಆರಿದ ಮೇಲೆ ಮುರಿಯಿರಿ. ತುಂಬುತೋಳಿನ ಅಂಗಿ, ಅದರ ಮೇಲೆ ಪ್ಲಾಸ್ಟಿಕ್ ಹೊದಿಕೆ ಇರಲಿ. ಒದ್ದೆ ಬಟ್ಟೆಯಲ್ಲಿ ಕೂರಬೇಡಿ, ಕೂಡಲೇ ಬದಲಾಯಿಸಿ ಸೋಪು ಹಾಕಿ ತೊಳೆದುಕೊಳ್ಳಿ. ವಾಂತಿ ಶುರುವಾದರೆ ಆ ದಿನಕ್ಕೆ ಕೆಲಸ ಬಿಟ್ಟು, ಕಡಿಮೆಯಾಗದಿದ್ದರೆ ಆಸ್ಪತ್ರೆಗೆ ಹೋಗಿ. ನಾನು ದಪ್ಪ ರಬ್ಬರ್ ಕೈಗವಸು ತಂದುಕೊಟ್ಟೆ. ಅವ್ವ ಒಂದು ಕಡ್ಡಿ ಕಟ್ಟಿ ಪಕ್ಕಕ್ಕೆಸೆದಳು, "ದಾರ ಬಿಗಿ ಸಿಗಕ್ಕಿಲ್ಲ ಕಣಪ್ಪ." ಆಸ್ಪತ್ರೆಯವರು ಹಾಕುವ ತೆಳು ನೈಟ್ರೈಲ್ ಗ್ಲೌಸ್ ಡಬ್ಬಿ ತಂದ ಮೇಲೆ ಅವ್ವನೂ, ಜೊತೆಗೆ ಕಟ್ಟುವ ಹೆಂಗಸರೂ ಹಾಕಿಕೊಂಡರು. ನೂರರ ಡಬ್ಬಿ ನಾನೂರು ಐನೂರು ರೂಪಾಯಿಗೆ ಸಿಗುತ್ತದೆ. ಹಂಗಾಮಿನ ಕೊನೆಯ ಮುರಿಯುವಿಕೆಯಲ್ಲಿ ಅವ್ವ ಸಂಜೆ ಮುದ್ದೆ ಉಂಡಳು.

ತಂಬಾಕು ಮಂಡಳಿ ಬೆಳೆಗಾರರಿಗೆ ಹರಾಜು ಕಟ್ಟೆಯ ಮೂಲಕ ಗೊಬ್ಬರ ಕೊಡಿಸುತ್ತದೆ. ಅದರ ಜೊತೆಗೆ ಗ್ಲೌಸ್, ಮಳೆ ಅಂಗಿಯನ್ನೂ ಕೊಡಿ, ಕೂಲಿ ಹೆಂಗಸರಿಗೂ ತಲುಪುವ ಹಾಗೆ ಕೊಡಿ ಅಂತ ಒಂದು ಮನವಿ ಬರೆಯುತ್ತಿದ್ದೇನೆ. ಮುಂದಿನ ನಾಟಿಗೆ ಮುಂಚೆ ಕಟ್ಟೆಯ ಅಧಿಕಾರಿಗಳಿಗೆ ಕೊಡಬೇಕು. ನಮ್ಮೂರಿನವರು ಸಹಿ ಹಾಕುತ್ತಿದ್ದಾರೆ. ನಿಮ್ಮ ಊರಿನ ಕಟ್ಟೆಗೆ ನೀವೂ ಒಂದು ಬರೆದುಕೊಡಿ.